ಕೈಗೆಟುಕದ ಸ್ವಿಚ್ಚು

"ನಿಧಾನ, ನಿಧಾನ, ಬೆರಳು ಜೋಪಾನ!" ಎಂದು ತಮ್ಮ ಕೂಗುತ್ತಿದ್ದಂತೆ, ಕಾಗದ ಕತ್ತರಿಸುವ ಯಂತ್ರ ಹಗ್ಗದಲ್ಲಿ ಜೋಲಿ ಹೊಡೆದು ಹೊಸ ಮಳಿಗೆಯ ನೆಲದ ಮೇಲೆ ಧಡ್ಡನೆ ಕೂತಿತು. ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಇಪ್ಪತ್ತು ವರ್ಷ ಪುಸ್ತಕ ಬೈಂಡು ಮಾಡಿ ಅವಳು ಗಳಿಸಿದ್ದು ಆ ಯಂತ್ರ, ಮತ್ತೆ ಹೊರಗೆ ಲಾರಿಯಲ್ಲಿದ್ದ ಕಾಗದ. ಹಳೆಯ ಮಳಿಗೆಯನ್ನು ನಾಳೆ ಖಾಲಿ ಮಾಡಬೇಕು.

ವೈರಿಂಗಿನವನು ಆರಡಿ ಮೀರಿದ ಆಳು; ಊರೆಲ್ಲ ಅವನನ್ನು ಕರೆಯುವುದೇ 'ಏಣಿ' ಅಂತ. ಪ್ಲಗ್ಗು ಹಿಡಿದು ಗೋಡೆಗೆ ಕೈ ಚಾಚಿದವನು, "ಅಕ್ಕಾ, ಒಂದು ಸ್ಟೂಲು ಕೊಡಿ," ಎಂದ.

"ಏಣಿಗೂ ಸ್ಟೂಲು ಬೇಕೇನೋ?" ತಮ್ಮ ಗಹಗಹಿಸಿದ.

ಅಕ್ಕ ನಗಲಿಲ್ಲ. ಸ್ವಿಚ್ಚುಗಳೆಲ್ಲ ಬಾಗಿಲ ಚೌಕಟ್ಟಿಗಿಂತ ಮೇಲಿದ್ದವು.

ಅಕ್ಕ ತಮ್ಮ ಇಬ್ಬರೂ ಮೂರು ಸಲ ಬಂದು ನೋಡಿದ್ದರು ಈ ಜಾಗವನ್ನು. ಕಾಗದದವರ ಕಣ್ಣು ಸೂರಿನ ಮೇಲೆಯೇ. ತಾರಸಿಯ ಮೇಲೆ ಟ್ಯಾಂಕುಗಟ್ಟಲೆ ನೀರು ಸುರಿಸಿ, ಅರ್ಧ ದಿನ ಕತ್ತೆತ್ತಿ ಕಾದಿದ್ದರು. ಒಂದು ಹನಿ ತೊಟ್ಟಿಕ್ಕಿರಲಿಲ್ಲ. ಬಗ್ಗಿ ನೋಡಲು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಈಗ ಬಗ್ಗಿದಳು. ಪಾದದ ಮಟ್ಟದಲ್ಲಿ, ಹೊಸ ಬಣ್ಣದಡಿ, ಗೋಡೆಯಲ್ಲಿ ಹಿಂದೆ ಪ್ಲಗ್ಗು ಇದ್ದ ಗೂಡಿಗೆ ಬಡಿದ ಒಂದು ಚೌಕದ ಮುಚ್ಚಳ. ಚಾಕು ತೂರಿಸಿ ಮೀಟಿದಳು. ಒಳಗಿನಿಂದ ಒಣಗಿದ ಕೆಸರು ಜರಜರನೆ ಅವಳ ಕಾಲ ಮೇಲೆ ಸುರಿಯಿತು. ಜೊತೆಗೆ ಒಂದು ಪುಟ್ಟ ಬಸವನಹುಳುವಿನ ಚಿಪ್ಪು.

ಮಳಿಗೆಯ ಯಜಮಾನ ಬಾಗಿಲಲ್ಲಿ ನಿಂತಿದ್ದ.

"ಹಿಂದುಗಡೆ ಹರಿಯೋ ಹೊಳೆ ಇಲ್ಲಿವರೆಗೂ ಬರುತ್ತಾ?" ಅಕ್ಕ ಅವನನ್ನು ಕೇಳಿದಳು.

"ವರ್ಷಾ ವರ್ಷ ಬರಲ್ಲಮ್ಮ. ಬಂದ್ರೂ ಎರಡು ದಿನ, ಇಳಿದುಹೋಗುತ್ತೆ."

"ಎಷ್ಟು ಎತ್ತರಕ್ಕೆ?"

ಅವನ ಕಣ್ಣು ತನ್ನಷ್ಟಕ್ಕೆ ಸ್ವಿಚ್ಚುಗಳತ್ತ ಹೋಯಿತು.

ನಿಂತ ನಿಲುವಿನಲ್ಲೇ ತಾನು ಮುಳುಗಿದ್ದೇನೆ ಅನ್ನಿಸಿ ಅಕ್ಕ ಗೋಡೆ ಹಿಡಿದುಕೊಂಡಳು.

"ಕಾಗದ ಅಟ್ಟಕ್ಕೆ ಹಾಕಿದ್ರಾಯ್ತು ಬಿಡಕ್ಕ," ಎಂದ ತಮ್ಮ. ದನಿಯಲ್ಲಿ ದಮ್ಮಿರಲಿಲ್ಲ.

"ಯಂತ್ರಾನ ನೀನು ಹೆಗಲ ಮೇಲೆ ಹೊತ್ಕೊಂಡು ನಿಲ್ತೀಯಾ?"

"ಮತ್ತೆ ನಾಳೆ ಎಲ್ಲಿಗೆ ಹೋಗೋದು? ಬೀದಿಗೆ ಬೀಳ್ತೀವಿ ಅಷ್ಟೆ!"

ಯಜಮಾನ ಗಂಟಲು ಸರಿಮಾಡಿಕೊಂಡ. "ನೋಡಮ್ಮ, ಒಂದು ವರ್ಷ ಬಾಡಿಗೆನೇ ಕೊಡಬೇಡಿ. ಸುಮ್ನೆ ಇರಿ."

ತಮ್ಮನ ಮುಖ ಅರಳಿತು. "ಅಕ್ಕಾ!" ಎಂದು ಅವಳ ತೋಳು ಹಿಡಿದ.

ಅವಳು ತೋಳು ಬಿಡಿಸಿಕೊಂಡಳು.

"ಬೇಡ. ಪುಕ್ಕಟೆ ಕೊಟ್ರೂ ಬೇಡ."