ಆವುಲಪ್ಪನ ಪರವಾಗಿ

ಯುದ್ಧ ಮುಗಿದ ವರ್ಷ ಸಾನಮಾವು ಊರಿನ ಬೈರಮ್ಮ ತನ್ನ ತಮ್ಮ ಆವುಲಪ್ಪನಿಗೆ ನಾಲ್ಕನೆಯ ಹೆಣ್ಣು ನೋಡಲು ಅವನನ್ನೂ ಕರೆದುಕೊಂಡು ಡೆಂಕಣಿಕೋಟೆ ಪಕ್ಕದ ಹಳ್ಳಿಗೆ ಬಂದಳು. ಅವನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ದನದ ವ್ಯಾಪಾರದಿಂದ ಹಿಡಿದು ಊಟಕ್ಕೆ ಇನ್ನಷ್ಟು ಸಾರು ಬೇಕೋ ಸಾಕೋ ಎನ್ನುವವರೆಗೆ ಅವನ ಪರವಾಗಿ ಮಾತಾಡುವವಳು ಬೈರಮ್ಮನೇ. ಹಿಂದಿನ ಮೂರು ಸಂಬಂಧ ಮುರಿದಾಗ ಹೆಣ್ಣಿನ ಕಡೆಯವರನ್ನು ಬಾಯಿತುಂಬ ಬೈದಿದ್ದಳು. ಹೆಣ್ಣು ಕೊಡುವುದು ತಮ್ಮನಿಗೋ ಅಕ್ಕನಿಗೋ ಎಂದು ಅವರು ಕೇಳಿದ್ದನ್ನು ಮಾತ್ರ ನುಂಗಿಕೊಂಡಿದ್ದಳು. ಇದೂ ತಪ್ಪಿದರೆ ತಮ್ಮ ಒಂಟಿಯಾಗಿಯೇ ಉಳಿಯುತ್ತಾನೆಂಬ ಭಯ ಅವಳಿಗಿತ್ತು.

ಹುಡುಗಿ ರಾಮಕ್ಕನಿಗೆ ಒಂದು ಕಾಲು ಸೊಟ್ಟ. ಕೆಲಸ ಬರುತ್ತದೋ ಇಲ್ಲವೋ ನೋಡಬೇಕಲ್ಲ, ರಾಗಿ ಬೀಸಿ ತೋರಿಸಲಿ ಎಂದಳು ಬೈರಮ್ಮ. ದೊಡ್ಡ ಬೀಸುವ ಕಲ್ಲು, ಎದುರುಬದುರು ಇಬ್ಬರು ಕೂತು ಒಂದೇ ಗೂಟ ಹಿಡಿದು ಎಳೆಯಬೇಕು. ಪರೀಕ್ಷೆ ಮಾಡಲು ತಾನೇ ಎದುರು ಕೂತಳು.

ರಾಮಕ್ಕ ಗೂಟ ಮುಟ್ಟಲಿಲ್ಲ. "ನೀವು ಏಳಿ ಅಕ್ಕ. ಸಂಸಾರ ಮಾಡೋರು ಅವ್ರು. ಅವ್ರೇ ಹಿಡೀಲಿ."

ಗಂಡಸು ರಾಗಿ ಬೀಸುವುದೇ? ಜಗಲಿಯ ಹಿರಿಯರು ಮುಖ ಮುಖ ನೋಡಿಕೊಂಡರು. ಅವನಿಗೆ ಇದೆಲ್ಲ ಬಾರದು ಎಂದು ಬೈರಮ್ಮ ಹೇಳುವಷ್ಟರಲ್ಲಿ, ರಾಮಕ್ಕ ಕೈಸನ್ನೆ ಮಾಡಿ ಕರೆದದ್ದು ಕಂಡು ಆವುಲಪ್ಪ ಬಂದು ನಿಂತಿದ್ದ. ಅವಳು ಏಳಲೇಬೇಕಾಯಿತು.

ಮೊದಲು ಅವನು ಜೋರಾಗಿ ಎಳೆದ, ರಾಗಿ ಚೆಲ್ಲಾಡಿತು. ರಾಮಕ್ಕ ಅವನ ಕೈಮೇಲೆ ಕೈಯಿಟ್ಟು ನಿಧಾನ ಮಾಡಿಸಿದಳು. ಕಲ್ಲು ಹದಕ್ಕೆ ಬಂತು. ಅವನು ಅವಳ ಕಾಲಿನ ಕಡೆ ನೋಡಿ ಏನಾಯಿತೆಂಬಂತೆ ಹುಬ್ಬು ಹಾರಿಸಿದ. ತಡೆಯಲು ಬೈರಮ್ಮ ಮುಂದೆ ಬಂದಳು. ರಾಮಕ್ಕ ಕೈಯಲ್ಲಿ ಸಣ್ಣ ಮಗುವಿನ ಎತ್ತರ ತೋರಿಸಿ, ಹಣೆ ಮುಟ್ಟಿ, ಜ್ವರದ ನಡುಕ ನಟಿಸಿದಳು. ಅವನು ತನ್ನ ಕಿವಿ ಮುಟ್ಟಿ ಕೈಯಾಡಿಸಿದ. ಇಬ್ಬರೂ ನಕ್ಕರು. ಹೊರಗಿನವರ ಮುಂದೆ ತಮ್ಮ ಸದ್ದು ಮಾಡಿ ನಕ್ಕದ್ದನ್ನು ಬೈರಮ್ಮ ಕಂಡಿರಲಿಲ್ಲ. ಸಂತೋಷವಾಯಿತು, ಹೊಟ್ಟೆಯೂ ಉರಿಯಿತು.

ಹುಡುಗಿಯ ಅಪ್ಪ ನಾರಾಯಣಪ್ಪ ಬೈರಮ್ಮನ ಕಡೆ ತಿರುಗಿದ. "ಏನಮ್ಮ, ನಿನ್ ತಮ್ಮ ಏನಂತಾನೆ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಬೈರಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನಂಗೇನ್ ಗೊತ್ತು? ಅಲ್ಲೇ ಕೂತವ್ನಲ್ಲ, ಅವನ್ನೇ ಕೇಳಿ."

ನಾರಾಯಣಪ್ಪ ಕಲ್ಲಿನ ಹತ್ತಿರ ಹೋಗಿ, ತಡವರಿಸುತ್ತ ಅವನನ್ನೊಮ್ಮೆ ಮಗಳನ್ನೊಮ್ಮೆ ತೋರಿಸಿ ಎರಡು ಬೆರಳು ಜೋಡಿಸಿದ. ಆವುಲಪ್ಪ ಎದೆ ಮುಟ್ಟಿಕೊಂಡು ಹೂಂ ಎಂಬಂತೆ ತಲೆಯಾಡಿಸಿದ. ಆಮೇಲೆ ರಾಮಕ್ಕನ ಕಡೆ ಕೈ ತೋರಿಸಿ, ಅವಳ ಉತ್ತರಕ್ಕೆ ಕಾದು ಕೂತ.

ರಾಮಕ್ಕ ಅವನ ಕೈಯನ್ನು ಮತ್ತೆ ಗೂಟದ ಮೇಲಿಟ್ಟು ತಾನೂ ಹಿಡಿದಳು. ಅದನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.