ಶಿವದಾರ ಹರಿದ ದಿನ

ನೀರು ಸೇದಿ ತಂದು ಸೆರಗು ಸರಿಮಾಡಿಕೊಳ್ಳಲು ಹೋದ ಶಿವಬಸವ್ವನ ಕೈಗೆ ಎದೆಯ ಮೇಲಿನ ಲಿಂಗ ಸಿಗಲಿಲ್ಲ. ಹರಿದ ಶಿವದಾರವೊಂದೇ ಕೊರಳಲ್ಲಿ ಜೋತಾಡುತ್ತಿತ್ತು. ಬಚ್ಚಲು, ಪಡಸಾಲೆ, ಮಗ್ಗದ ಕುಣಿ, ಎಲ್ಲ ಹುಡುಕಿದಳು. ಇಲ್ಲ.

ಕರ್ನಾಟಕ ಒಂದಾಯಿತೆಂದು ಇಳಕಲ್ಲೆಲ್ಲ ಪೇಢೆ ತಿಂದಿದ್ದ ವರ್ಷವದು. ಏನು ಒಂದಾದರೇನು, ಆ ನೇಕಾರರ ತುಂಬಿದ ಮನೆಯಲ್ಲಿ ಲಿಂಗಪೂಜೆಯಾಗದೆ ಯಾರ ಬಾಯಿಗೂ ಹನಿ ನೀರು ಬೀಳುತ್ತಿರಲಿಲ್ಲ. ಲಿಂಗ ಕಳೆದುಕೊಂಡವರು ಜೀವ ಇಟ್ಟುಕೊಳ್ಳಬಾರದೆಂಬ ಹಳೆಯ ಮಾತೊಂದಿತ್ತು. ಆಡುವವರು ಹಗುರಾಗಿ ಆಡುತ್ತಿದ್ದರು, ಅವರ ಗಂಟೇನು ಹೋಗಬೇಕು! ಮದುವೆಯಾಗಿ ವರ್ಷ ತುಂಬದ ಹುಡುಗಿ ಮಾತ್ರ ಅದನ್ನು ಖರೆಯೆಂದೇ ನಂಬಿದ್ದಳು. ಅದಕ್ಕಿಂತ ಹೆಚ್ಚಿನ ಅಂಜಿಕೆ ಅತ್ತೆ ಸಿದ್ದಲಿಂಗವ್ವನದು. ಆಕೆ ಕೆಮ್ಮಿದರೆ ಮನೆಯ ಮಗ್ಗಗಳೆಲ್ಲ ನಿಲ್ಲುತ್ತಿದ್ದವು.

ಗಂಡಸರ ಊಟ ಮುಗಿಯಿತು. ಹೆಂಗಸರು ಪೂಜೆಗೆ ಕೂತರು.

"ನೀ ಯಾಕ ನಿಂತಿ?" ಅತ್ತೆ ಕೇಳಿದಳು.

"ಹೊಟ್ಟಿ ನೋಯಾಕ ಹತ್ತೇತ್ರಿ ಅತ್ತಿ. ನಾ ಉಣ್ಣಂಗಿಲ್ರಿ."

"ಉಣಬ್ಯಾಡ. ಪೂಜಿಗೇನಾತು? ಕುಂದ್ರು."

ಸುಳ್ಳು ಹೇಳುವುದಕ್ಕೂ ಜಾಣತನ ಬೇಕು. ಪಾಪ, ಹುಡುಗಿಗೆ ಅದಿರಲಿಲ್ಲ. "ಕೈಕಾಲು ತೊಳಕೊಂಡು ಬರ್ತೇನ್ರಿ" ಎಂದು ಹಿತ್ತಲಿಗೆ ಓಡಿದಳು. ಲಿಂಗ ಭಾವಿಯಲ್ಲೇ ಬಿದ್ದಿರಬೇಕು. ಕಟ್ಟೆಯ ಮೇಲೆ ಬಗ್ಗಿ ನೋಡಿದಳು. ಕರಿನೀರು, ಏನೂ ಕಾಣದು. ಇನ್ನಷ್ಟು ಬಗ್ಗಿದಳು. ತಿರುಗಿ ಒಳಗೆ ಹೋಗಿ ಅತ್ತೆಯ ಮುಂದೆ ನಿಲ್ಲುವುದಕ್ಕಿಂತ ಈ ನೀರೇ ವಾಸಿ ಎನಿಸಿತು. ಹಾಗೆ ಅನಿಸಿದ್ದಕ್ಕೇ ಬೆಚ್ಚಿ ಎರಡೂ ಕೈಯಿಂದ ಕಟ್ಟೆ ಹಿಡಿದಳು.

ಯಾರೋ ಹಿಂದಿನಿಂದ ಸೆರಗು ಹಿಡಿದು ಜಗ್ಗಿದರು. ನೆಲಕ್ಕೆ ಬಿದ್ದಳು. ಕೆನ್ನೆಗೆ ಫಟ್ಟನೆ ಏಟು ಬಿತ್ತು. ಎದುರಿಗೆ ಸಿದ್ದಲಿಂಗವ್ವ, ತಲೆಯ ಮೇಲೆ ಸೆರಗಿಲ್ಲ, ಏದುಸಿರು.

"ತಪ್ಪಾತ್ರಿ ಅತ್ತಿ... ಲಿಂಗ ನೀರಾಗ ಬಿತ್ರಿ..."

"ಬಿದ್ರ ಬೀಳವಲ್ದ್ಯಾಕ!" ಅತ್ತೆಯ ಕೈ ಇನ್ನೂ ಸೆರಗು ಬಿಟ್ಟಿರಲಿಲ್ಲ, ಕಣ್ಣಿಂದ ನೀರು ಇಳಿಯುತ್ತಿತ್ತು. "ಪೂಜಿಗೆ ಕುಂದರ್ಲಿಲ್ಲಂದಾಗನ ನನ್ನ ಎದಿ ಧಸಕ್ ಅಂತು. ನಮ್ಮ ಅಕ್ಕ ಹಿಂಗ ಲಿಂಗ ಕಳಕೊಂಡು ಭಾವಿಗೆ ಹೋದಾಕಿ ತಿರುಗಿ ಬರಲಿಲ್ಲವ್ವ. ಲಿಂಗ ಮಠದ ಅಯ್ನೋರು ಮತ್ತ ಕಟ್ತಾರ. ನಿನ್ನ ಎಲ್ಲಿಂದ ತರ್ಲಿ?"

ಓಣಿಯೇ ಅಂಜುತ್ತಿದ್ದ ಆ ಹೆಂಗಸು ತಾನೇ ಅಂಜಿ ಅಳುವುದನ್ನು ಶಿವಬಸವ್ವ ಅಂದೇ ಮೊದಲು ನೋಡಿದ್ದು. ಇಬ್ಬರೂ ಉಪವಾಸವೇ ಮಠದ ದಾರಿ ಹಿಡಿದರು. ಮಠ ಮುಟ್ಟುವತನಕ ಅತ್ತೆ ಸೊಸೆಯ ರಟ್ಟೆ ಬಿಡಲಿಲ್ಲ.