ಮೂರನೆಯ ಸಲ ಕೇಳದ ಸರ್ಕಾರ

ಐರ್ಲೆಂಡಿನ ಪಶ್ಚಿಮದ ನಮ್ಮ ಮೇಯೋ ಸೀಮೆಯಲ್ಲಿ ಯಾರ ಮನೆಗೆ ಹೋದರೂ ಮೊದಲ ಸಲ ಕೇಳಿದಾಗ ಚಹಾ ಬೇಡವೆನ್ನಬೇಕು. ಎರಡನೆಯ ಸಲ ‘ನಿಮಗ್ಯಾಕೆ ತೊಂದರೆ’ ಎನ್ನಬೇಕು. ಮೂರನೆಯ ಸಲಕ್ಕೆ ಕುಡಿಯಬಹುದು, ಜೊತೆಗೆ ಕೇಕನ್ನೂ ತಿನ್ನಬಹುದು. ಮೊದಲ ಸಲಕ್ಕೇ ಒಪ್ಪಿದವರನ್ನು ನಾವು ಡಬ್ಲಿನ್ನಿನವರಿರಬೇಕು ಎಂದುಕೊಳ್ಳುತ್ತೇವೆ.

ಡೀಲಿಯಾ ಪ್ಯಾಡನ್ ಈ ಮರ್ಯಾದೆಯನ್ನು ಸರ್ಕಾರಕ್ಕೂ ತೋರಿಸಿದ್ದಳು. ಪಿಂಚಣಿ ಶುರುವಾದ ವರ್ಷ ಕಚೇರಿಯ ಹೆಂಗಸೊಬ್ಬಳು ಫೋನ್ ಮಾಡಿ, ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಕೊಡುವ ಇಂಧನ ಭತ್ಯೆ ಬೇಕೇ ಎಂದು ಕೇಳಿದ್ದಳು.

‘ಅಯ್ಯೋ, ನನಗ್ಯಾಕಮ್ಮ, ಕಷ್ಟದಲ್ಲಿರೋರಿಗೆ ಕೊಡಿ.’

ಆ ಹೆಂಗಸು ಸರಿ ಎಂದು ಫೋನ್ ಇಟ್ಟಳು. ಡೀಲಿಯಾ ಎರಡನೆಯ ಕರೆಗೆ ಕಾದಳು. ಅದು ಬರಲೇ ಇಲ್ಲ.

ಈ ವರ್ಷ ಸೀಮೆಎಣ್ಣೆಯ ಬೆಲೆ ಏರಿತು, ಅದರಿಂದ ಉರಿದು ಮನೆ ಬೆಚ್ಚಗಿಡುವ ಬಾಯ್ಲರ್ ಬಾಯಿ ಮುಚ್ಚಿತು. ಡೀಲಿಯಾ ಮನೆಯೊಳಗೂ ಕೋಟು ತೊಟ್ಟುಕೊಂಡು ಓಡಾಡುತ್ತಿದ್ದಳು. ಯಾರಾದರೂ ಬಂದರೆ ಮಾತ್ರ ಮುಂದಿನ ಕೋಣೆಯಲ್ಲಿ ಬೆಂಕಿ. ಜೊತೆಗಿದ್ದ ಅಣ್ಣ ಫೆಸ್ಟಿ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದ. ಅವನನ್ನು ವಾಪಸು ಕಳಿಸುವ ಮುಂಚೆ ಮನೆ ನೋಡಲು ನರ್ಸ್ ಬಂದಳು. ಅವಳು ಬೆಚ್ಚಗಿನ ಮುಂಗೋಣೆಯಲ್ಲಿ ಕೂರಲಿಲ್ಲ. ನೇರ ಫೆಸ್ಟಿ ಮಲಗುವಲ್ಲಿಗೆ ಹೋಗಿ ಗೋಡೆ ಮುಟ್ಟಿದಳು. ಕೈ ಒದ್ದೆಯಾಯಿತು.

‘ಈ ಕೋಣೆ ಬೆಚ್ಚಗಾಗೋವರೆಗೆ ಅವರನ್ನ ಇಲ್ಲಿಗೆ ಕಳಿಸೋಕಾಗಲ್ಲ. ಆಗದೇ ಹೋದ್ರೆ ವೃದ್ಧಾಶ್ರಮವೇ ನೋಡ್ಬೇಕು.’

ಫೆಸ್ಟಿ ಹುಟ್ಟಿದ್ದು ಅದೇ ಕೋಣೆಯಲ್ಲಿ.

ಸಂಜೆ ಪಕ್ಕದ ಮನೆಯ ಪೆಗ್ ಬಂದಳು.

‘ಟೀ ಕುಡೀತೀಯೇನೇ?’

‘ಬೇಡ ಕಣೇ, ಈಗ ತಾನೇ ಆಯ್ತು.’

‘ಒಂದು ಕಪ್ಪು.’

‘ನಿನಗ್ಯಾಕೆ ತೊಂದರೆ.’

‘ನೀರು ಆಗಲೇ ಕುದೀತಿದೆ.’

‘ಹಾಗಾದ್ರೆ ಹಾಕು.’

ಡೀಲಿಯಾ ನರ್ಸ್ ಹೇಳಿದ್ದನ್ನೆಲ್ಲ ಹೇಳಿದಳು. ಪೆಗ್ ಕೇಳಿದಳು: ‘ಭತ್ಯೆಗೆ ಯಾಕೆ ಅರ್ಜಿ ಹಾಕಲಿಲ್ಲ?’

‘ಒಂದು ಸಲ ಕೇಳಿದ್ರು, ಬೇಡ ಅಂದೆ. ಮತ್ತೆ ಕೇಳ್ತಾರೆ ಅಂದ್ಕೊಂಡೆ.’

ಪೆಗ್ ಕಪ್ಪು ಕೆಳಗಿಟ್ಟಳು. ‘ಮಾರಾಯ್ತಿ, ಸರ್ಕಾರ ಏನು ನಿನ್ನ ಅಡುಗೆಮನೇಲಿ ಕೂತಿದೆಯಾ? ಅದು ಕೇಳಿದ್ರೆ ಒಂದೇ ಸಲ. ಆಮೇಲೆ ನಾವೇ ಹೋಗಿ ಕೇಳ್ಬೇಕು.’

‘ಭಿಕ್ಷೆ ಬೇಡಿದ ಹಾಗಾಗಲ್ವಾ? ಊರವರು ಏನಂದಾರು?’

‘ಇಷ್ಟು ವರ್ಷ ಮೀನಿನ ಕಾರ್ಖಾನೇಲಿ ದುಡಿದು ತೆರಿಗೆ ಕಟ್ಟಿದೀಯಲ್ಲ, ಅದೇನು ಭಿಕ್ಷೆ ಹಾಕಿದ್ದಾ? ಇನ್ನು ಊರವರು ಅಂದ್ರೆ ನಾನೂ ಒಬ್ಬಳು. ಎಷ್ಟೋ ವರ್ಷದಿಂದ ನಾನೂ ತಗೋತಿದೀನಿ.’

‘ನೀನಾ? ನನಗೆ ಹೇಳಲೇ ಇಲ್ಲ?’

‘ನೀನು ಮೂರು ಸಲ ಕೇಳಲಿಲ್ಲ.’

ಮರುದಿನ ಇಬ್ಬರೂ ಬಸ್ಸು ಹತ್ತಿದರು. ಕಚೇರಿಯವರೆಗೂ ಪೆಗ್ ಪಾಠ ಹೇಳಿಕೊಟ್ಟಳು. ‘ಬೇಕಾ?’ ಎಂದು ಇವಳು ಕೇಳುವುದು, ‘ಬೇಕು’ ಎಂದು ಅವಳು ಹೇಳುವುದು. ಅಭ್ಯಾಸಬಲ, ಡೀಲಿಯಾ ತಪ್ಪುತ್ತಲೇ ಇದ್ದಳು.

ಕೌಂಟರಿನಲ್ಲಿದ್ದವನು ಕೇಳಿದ: ‘ಇಂಧನ ಭತ್ಯೆಗೆ ಅರ್ಜಿ ಹಾಕ್ತೀರಾ?’

ಡೀಲಿಯಾ ಕೌಂಟರಿನ ಅಂಚು ಹಿಡಿದುಕೊಂಡಳು. ‘ಹೌದು.’

‘ಈಗಲೇ ಎಣ್ಣೆ ತುಂಬಿಸೋಕೆ ತುರ್ತು ನೆರವು ಅಂತಲೂ ಇದೆ, ಕೇಳಿ ನೋಡ್ಬಹುದು.’

‘ಅದೂ ಬೇಕು.’

‘ಗೋಡೆ, ಅಟ್ಟಕ್ಕೆ ಬಿಸಿ ಹೊರಗೆ ಹೋಗದ ಹಾಗೆ ಹೊದಿಕೆ ಹಾಕಿಸೋ ಯೋಜನೆ ಇದೆ. ಆದ್ರೆ ಸರತಿ ಉದ್ದ.’

‘ನನ್ನನ್ನೂ ನಿಲ್ಲಿಸಿ.’

ಇನ್ನೇನಿದೆ ಎಂದು ಕೇಳುತ್ತಲೇ ಇದ್ದವಳನ್ನು ಪೆಗ್ ತೋಳು ಹಿಡಿದು ಹೊರಗೆ ಕರೆತರಬೇಕಾಯಿತು.

ತುರ್ತು ನೆರವು ಸಿಕ್ಕಿ ಎಣ್ಣೆಯ ಲಾರಿ ಬಂತು. ಬಾಯ್ಲರ್ ಒಂದಿಷ್ಟು ಗೊಣಗಿ ಕೆಲಸಕ್ಕೆ ಇಳಿಯಿತು. ಆಮೇಲೆ ವಾರವಾರವೂ ಭತ್ಯೆ ಬರತೊಡಗಿತು. ನರ್ಸ್ ಮತ್ತೆ ಬಂದು ಅದೇ ಗೋಡೆ ಮುಟ್ಟಿ ಅಂಗೈ ನೋಡಿಕೊಂಡಳು. ಒಣಗಿತ್ತು. ಫೆಸ್ಟಿ ಮನೆಗೆ ಬಂದವನು ಟೋಪಿ ತೆಗೆದ, ಸ್ವಲ್ಪ ಯೋಚಿಸಿ ಕೋಟನ್ನೂ ತೆಗೆದು ಮೊಳೆಗೆ ಹಾಕಿದ. ಡೀಲಿಯಾಳ ಕೋಟು ಆಗಲೇ ಅಲ್ಲಿ ನೇತಾಡುತ್ತಿತ್ತು.

ಓದುವವರೇ, ಚಹಾದ ವಿಷಯದಲ್ಲಿ ನಮ್ಮ ಮರ್ಯಾದೆ ಹಾಗೆಯೇ ಇರಲಿ. ಆದರೆ ಬಿಲ್ಲಿಗೆ ಹೆದರಿ ಬಾಯ್ಲರ್ ಆರಿಸಿದ್ದರೆ, ನಾಳೆಯೇ ಹತ್ತಿರದ ಕಚೇರಿಗೆ ಹೋಗಿ ನಿಮಗೇನು ಸಿಗುತ್ತದೆಂದು ಕೇಳಿ. ಅವರಾಗಿ ಕೇಳಿದರೆ ಮೊದಲ ಸಲವೇ ಹೌದೆನ್ನಿ. ಪಕ್ಕದ ಮನೆಯಲ್ಲಿ ಒಳಗೂ ಕೋಟು ತೊಟ್ಟವರು ಕಂಡರೆ, ಅವರು ಬೇಡವೆನ್ನುತ್ತಾರೆ, ಗೊತ್ತು. ಮೂರು ಸಲ ಕೇಳಿ.